ಹೊಳೆಗೆ ಹೆದರಿದ ತಾಯಿ

"ಗುರುಗಳೇ, ಮನಸ್ಸು ಕೆಟ್ಟವರಿಗೆ ವೈದ್ಯರು ಈಗ ಮೂರು ಸಾಲಿನ ಪದ್ಯ ಕಟ್ಟಲು ಹೇಳುತ್ತಾರಂತೆ. ಮೂರು ಸಾಲಿಗೆ ಭಯ ಹೋಗುತ್ತದೆಯೇ?" ಎಂದು ಶಿಷ್ಯ ನಗುತ್ತ ಕೇಳಿದ.

"ನಗು ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ತಾಯಿಗೆ ಇಬ್ಬರು ಗಂಡುಮಕ್ಕಳಿದ್ದರು. ಹಿರಿಯವನು ಹೊಳೆಯಲ್ಲಿ ಮುಳುಗಿ ಸತ್ತ. ಅಂದಿನಿಂದ ಅವಳು ಕಿರಿಯವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡಳು. ಅಡಿಗೆ ಮಾಡುವಾಗಲೂ ಬಿಚ್ಚಲಿಲ್ಲ. ಕೊಡದಲ್ಲಿ ನೀರು ತುಳುಕಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಹುಡುಗನ ಸೊಂಟದಲ್ಲಿ ಗಾಯವಾಯಿತು. ಮೊದಮೊದಲು ಅತ್ತ. ಆಮೇಲೆ ಅಳುವುದನ್ನು ಬಿಟ್ಟ, ಉಣ್ಣುವುದನ್ನೂ ಬಿಡುತ್ತ ಬಂದ. ಬೀದಿಯಲ್ಲಿ ಮಕ್ಕಳ ದನಿ ಕೇಳಿದರೆ, ಗಂಟು ಬಿಗಿಯಾಗಿದೆಯೇ ಎಂದು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಊರವರ ಬುದ್ಧಿಮಾತೆಲ್ಲ ಬೋರ್ಗಲ್ಲ ಮೇಲೆ ಮಳೆ ಸುರಿದಂತಾಯಿತು.

ಕೊನೆಗೆ ಒಬ್ಬಳು ವೈದ್ಯೆ ಬಂದಳು. ಮದ್ದು ತರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಗೂಟಕ್ಕೆ ಕೈ ಹಚ್ಚಿದಳು.

"ಬಾರವ್ವ, ಕೂಡಿ ಬೀಸೋಣ. ನಿನ್ನ ಅಂಜಿಕಿ ಮ್ಯಾಲ ಒಂದು ಪದ ಕಟ್ಟು. ಮೂರ ಸಾಲು, ಸಾಕು."

ಒಬ್ಬಳು ಹಾಡಿದ್ದನ್ನು ಎದುರಿಗೆ ಕೂತವಳು ತಿರುಗಿ ಹಾಡುವುದು ಬೀಸುವವರ ವಾಡಿಕೆ. ದೇವರನ್ನು ನೆನೆದೇ ಹಾಡು ಎತ್ತುವುದೂ ವಾಡಿಕೆ. ತಾಯಿ ಶಿವನನ್ನು ನೆನೆದಳು. ಮೂರು ಸಾಲು ಮುಗಿದವು. ಮರುದಿನ ತವರನ್ನು ಹರಸಿದಳು, ಮತ್ತೆ ಮುಗಿದವು. ಪಾಪ, ಭಯ ದೇವರ ಬೆನ್ನ ಹಿಂದೆ ಅಡಗಿ ಕೂತಿತ್ತು.

"ಶಿವಗ ಕೈ ಮುಗಿದಿ, ತವರಿಗೂ ಮುಗಿದಿ. ಇನ್ನ ಹೊಳಿ ಹೆಸರು ಹೇಳು" ಎಂದಳು ವೈದ್ಯೆ.

ಹೆಸರು ಬಾಯಿಗೆ ಬಂದರೆ ಹೊಳೆ ಮನೆಯೊಳಗೇ ಬಂದೀತೆಂದು ತಾಯಿಗೆ ದಿಗಿಲು. ಮಗನನ್ನು ಹತ್ತಿರ ಎಳೆದುಕೊಂಡಳು. ಹಗ್ಗ ಗಾಯಕ್ಕೆ ಉಜ್ಜಿತು, ಅವನು ಕಿಮಕ್ಕೆನ್ನಲಿಲ್ಲ. ಆಗ ಅವಳು ಹಾಡಿದಳು:

ಹೊಳಿ ನುಂಗಿ ಕುಂತೈತಿ ನನ್ನ ಹಿರಿಮಗನನ್ನ
ಉಳಿದವನ ನಡುವಿಗೆ ಹಗ್ಗ ಬಿಗಿದೇನ
ಹೊಳಿಗಿಂತ ನಾನು ಕಡಿಮೇನ?

ವೈದ್ಯೆ ಒಂದೊಂದೇ ಸಾಲನ್ನು ತಿರುಗಿ ಹಾಡಿದಳು. ತನ್ನ ಮಾತು ಇನ್ನೊಬ್ಬಳ ಬಾಯಲ್ಲಿ ಕೇಳಿದ್ದೇ ತಾಯಿ ಕಲ್ಲು ನಿಲ್ಲಿಸಿದಳು. ಮಗನ ಮುಖ ನೋಡಿದಳು. ಆ ಮುಖಕ್ಕೆ ಹೆದರಿದಷ್ಟು ಅವಳು ಹೊಳೆಗೆ ಕೂಡ ಹೆದರಿರಲಿಲ್ಲ. ಗಂಟು ಕಗ್ಗಂಟಾಗಿತ್ತು; ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಹುಡುಗ ಹೊಸ್ತಿಲವರೆಗೆ ಹೋಗಿ ಹಿಂತಿರುಗಿ ನೋಡಿದ. ಅವಳು ಎರಡೂ ಕೈಯಿಂದ ಕಲ್ಲಿನ ಗೂಟವನ್ನು ಬಿಗಿಯಾಗಿ ಹಿಡಿದು ಕೂತಳು. ಅವನು ಹೊಸ್ತಿಲು ದಾಟಿದ.

ಶಿಷ್ಯ ಈಗ ನಗುತ್ತಿರಲಿಲ್ಲ. "ಹಾಗಾದರೆ ಅವಳ ಭಯ ಹೋಯಿತೇ, ಗುರುಗಳೇ?" ಎಂದ.

"ಭಯ ಹೋಗಲಿಲ್ಲ, ಹಗ್ಗ ಹೋಯಿತು."