ಗೊರವಂಕ ತೋರಿಸಿಕೊಟ್ಟ ಪೊಟರೆ

ಹಳೆಯ ಗೋಣಿಮರವೊಂದರಲ್ಲಿ ಗಿಳಿ, ಕಾಗೆ, ಗೊರವಂಕ, ಮರಕುಟಿಗಗಳೆಲ್ಲ ಒಟ್ಟಿಗೆ ಬಾಳುತ್ತಿದ್ದವು. ಒಂದು ವರ್ಷ ಹಣ್ಣು ತೀರ ಕಡಿಮೆಯಾಯಿತು. ಮರದ ಯಜಮಾನಿಕೆಗೆ ಹಾತೊರೆಯುತ್ತಿದ್ದ ಕಾಗೆಯೊಂದು ಸಾರಿತು: "ಮರಕುಟಿಗಗಳು ಮರವನ್ನು ಕೊರೆದದ್ದೇ ಇದಕ್ಕೆ ಕಾರಣ. ಅವು ನಮ್ಮವಲ್ಲ, ಓಡಿಸಿ!"

ಗೊರವಂಕ ವಾಸವಾಗಿದ್ದ ಪೊಟರೆಯನ್ನು ಕೊರೆದುಕೊಟ್ಟದ್ದು ನೆರೆಯ ಮರಕುಟಿಗವೇ. ಆದರೂ ಕಾಗೆಗಳ ದಂಡು ಬಂದು, "ಆ ಮರಕುಟಿಗದ ಮನೆ ಯಾವುದು?" ಎಂದು ಗದರಿದಾಗ, ಗೊರವಂಕ ತನ್ನ ಮರಿಗಳ ಜೀವಕ್ಕೆ ಅಂಜಿ ಕೊಕ್ಕು ಚಾಚಿ ತೋರಿಸಿತು. ಸಂಜೆಯೊಳಗೆ ಮರದಲ್ಲಿ ಒಂದು ಮರಕುಟಿಗವೂ ಉಳಿಯಲಿಲ್ಲ.

ಹಣ್ಣೇನೂ ಹೆಚ್ಚಲಿಲ್ಲ. ತೊಗಟೆಯೊಳಗಿನ ಹುಳುಗಳನ್ನು ಹೆಕ್ಕಿ ತಿನ್ನುವವರಿಲ್ಲದೆ ಮರ ಟೊಳ್ಳಾಗಿ, ಮರುವರ್ಷದ ಗಾಳಿಗೆ ಉರುಳಿತು. ಗೊರವಂಕ ಬೆಳೆದ ಮರಿಗಳೊಡನೆ ಹೊಳೆಯಾಚೆಯ ತೋಪಿಗೆ ಹಾರಿತು. ಅಲ್ಲಿ ಎದುರಾದದ್ದು ಅದೇ ಮರಕುಟಿಗ.

"ಬಾ ತಂಗಿ, ಆ ಮತ್ತಿಮರದಲ್ಲಿ ಒಂದು ಪೊಟರೆ ಖಾಲಿಯಿದೆ," ಎಂದಿತು ಮರಕುಟಿಗ.

ಗೊರವಂಕಕ್ಕೆ ನೆಲ ಬಾಯಿಬಿಡಬಾರದೇ ಎನಿಸಿತು. ಏನಾದರೂ ಮಾತಾಡಬೇಕೆಂದು, "ಅಕ್ಕಾ, ನಿನ್ನ ಮರಿಗಳೆಲ್ಲಿ?" ಎಂದು ಕೇಳಿತು.

"ಆ ದಿನ ಅವಕ್ಕಿನ್ನೂ ರೆಕ್ಕೆ ಬಲಿತಿರಲಿಲ್ಲ."

ಗೊರವಂಕ ತನ್ನ ಮರಿಗಳ ಮುಖವನ್ನೂ ನೋಡಲಾರದೆ ತಲೆ ತಗ್ಗಿಸಿ ನಿಂತಿತು.