ಮಗ್ಗಕ್ಕೆ ಇಳಿದ ಉಸ್ತಾದ್ ಮುದ್ದರಂಗಯ್ಯ

ಯಾವ ಕಾಲದ್ದು ಅಂತ ನನ್ನ ಕೇಳಬೇಡಿ. ನಮ್ಮಜ್ಜಿ ಹೇಳುವಾಗಲೇ ಅದು ಹಳೇ ಮಾತಾಗಿತ್ತು. ಹೊಳೆಯ ಈಚೆ ದಡದಲ್ಲಿ ಮಗ್ಗದಕೊಪ್ಪಲು ಅಂತ ಒಂದೂರಿತ್ತಂತೆ. ಇದೇ ಊರು ಕಣ್ರೋ, ಹಂಗೆ ಬಾಯಿ ಬಿಟ್ಕೊಂಡು ನೋಡಬೇಡಿ. ಆಗ ಮನೆಗೊಂದು ಮಗ್ಗ, ಊರಿಗೊಂದು ಗರಡಿ. ಆ ಗರಡಿಗೆ ಮುದ್ದರಂಗಯ್ಯ ಅನ್ನೋ ಉಸ್ತಾದ್ ಇದ್ದನಂತೆ. ಎರಡು ತಿಂಗಳು ಸಾಮು ಮಾಡಿ ತೋಳು ಬರಲಿಲ್ಲ ಅಂತ ಗೊಣಗ್ತೀರಲ್ಲ, ಅದಕ್ಕೇ ಅವನ ಸುದ್ದಿ ಎತ್ತಿದ್ದು. ಸುಮ್ನೆ ಕೂತು ಕೇಳಿ. ನಡುವೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ.

ಅವನ ಮೈಕಟ್ಟಿನ ಬಗ್ಗೆ ಜನ ಏನೇನೋ ಹೇಳ್ತಾರೆ. ಒಂದು ಸಲ ಹೊಳೆ ಕೆಸರಲ್ಲಿ ಹೂತಿದ್ದ ಗಾಡೀನ ಎತ್ತುಗಳ ಸಮೇತ ಎತ್ತಿ ದಡಕ್ಕಿಟ್ಟನಂತೆ. ಎತ್ತುಗಳ ಸಮೇತ ಅನ್ನೋದನ್ನ ನಾನು ನಂಬಲ್ಲ. ಗಾಡಿ ಎತ್ತಿದ್ದು ನಿಜ ಇದ್ದರೂ ಇರಬಹುದು. ಹಳೇ ಉಸ್ತಾದ್ ತೀರಿಕೊಂಡಾಗ ಇವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲವಂತೆ. ಊರವರು ಗರಡಿಯ ಕೀಲಿ ತಂದು ಇವನ ಕೈಗೆ ಕೊಟ್ಟರಂತೆ.

ಆ ಗರಡೀಲಿ ಒಂದು ಪದ್ಧತಿ ಇತ್ತು. ಬಾಗಿಲ ಪಕ್ಕ ಒಂದು ದೊಡ್ಡ ಗುಂಡುಕಲ್ಲು. ಹೊಸದಾಗಿ ಬಂದವನು ಮೊದಲ ದಿನವೇ ಅದನ್ನ ಎದೆಮಟ್ಟ ಎತ್ತಬೇಕು. ಎತ್ತಿದರೆ ಹಣೆಗೆ ಕೆಮ್ಮಣ್ಣು ಬಳಿದು ಒಳಗೆ ಕರ್ಕೊಳ್ಳೋದು. ಎತ್ತದಿದ್ದರೆ ಮನೆಗೆ ಕಳಿಸೋದು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಮುದ್ದರಂಗನೂ ಕೇಳಲಿಲ್ಲ.

ಒಂದು ಯುಗಾದಿ ಕಳೆದ ಮಾರನೇ ದಿನ ಬನಪ್ಪ ಅನ್ನೋನು ಬಂದನಂತೆ. ನೇಯೋರ ಪೈಕಿ, ಮದುವೆ ವಯಸ್ಸಿನವನು, ಸಣಕಲ. ತಂದೆ ಇಲ್ಲ. ತಾಯಿ ಚೌಡಮ್ಮ, ಮಗ ಇಬ್ಬರೂ ಸರದಿ ಮೇಲೆ ನೇಯ್ದು ಬದುಕ್ತಿದ್ದರು. ಕಲ್ಲಿನ ಮುಂದೆ ನಿಂತವನನ್ನ ನೋಡಿ ಸುತ್ತ ಇದ್ದವರು ನಕ್ಕರಂತೆ. ಬನಪ್ಪನಿಗೆ ರೋಷ ಬಂತು. ಮುದ್ದರಂಗ ತಡೀಬೇಕಿತ್ತು, ತಡೀಲಿಲ್ಲ. "ಉಸಿರು ಕಟ್ಟಿ ಎತ್ತು" ಅಂದನಂತೆ. ಕಲ್ಲು ಮೊಣಕಾಲಿನವರೆಗೆ ಬಂತು. ಆಮೇಲೆ ಬನಪ್ಪನ ಸೊಂಟದಲ್ಲಿ ಏನೋ ಚಟ್ ಅಂತು. ಬಿದ್ದವನನ್ನ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಮನೆಗೆ ಹೊತ್ತರು.

ನಾಟಿ ವೈದ್ಯ ಬಂದು ನೋಡಿ, ಎಲುಬು ಮುರಿದಿಲ್ಲ, ಆದರೆ ಇವನು ಇನ್ನು ಮಗ್ಗಕ್ಕೆ ಇಳಿಯೋದು ಅನುಮಾನ ಅಂದನಂತೆ. ಆಗಿನದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು, ಬೆಳಗಿಂದ ಸಂಜೆವರೆಗೆ ಬಗ್ಗಿ ನೇಯಬೇಕು. ಸೊಂಟ ಹೋಯಿತು ಅಂದರೆ ನೇಯೋನಿಗೆ ಎಲ್ಲ ಹೋದಂಗೆ.

ಮೂರನೇ ದಿನ ಚೌಡಮ್ಮ ಗರಡಿಗೆ ಬಂದಳು. ಹೆಂಗಸರು ಗರಡಿ ಹೊಸಲು ದಾಟಬಾರದು ಅಂತ ಇತ್ತು. ಅವಳು ದಾಟಿದಳು. ಕುಸ್ತಿ ಆಡೋ ಕೆಮ್ಮಣ್ಣಿನ ನಟ್ಟನಡುವೆ ಮುದ್ದರಂಗನ ಎದುರು ನಿಂತು, "ನನ್ನ ಮಗ ನಿನ್ನ ಬಾಗಿಲಿಗೆ ನಡ್ಕೊಂಡು ಬಂದ. ನಡೆಯೋ ಮಗನ್ನೇ ನಂಗೆ ವಾಪಸ್ ಕೊಡು" ಅಂದಳಂತೆ.

ಅದಾದ ಮೇಲೆ ಗರಡಿಗೆ ಮಕ್ಕಳನ್ನ ಕಳಿಸೋರು ಯಾರು? ನೇಯೋರ ಯಜಮಾನರು ಮುದ್ದರಂಗನ್ನ ಕರೆಸಿ, ಗರಡಿ ಮುಚ್ಚಿ ನೂಲಿನ ಮೂಟೆ ಹಾಕ್ತೀವಿ, ನೀನು ಬೇರೆ ಕಸುಬು ನೋಡ್ಕೋ ಅಂದರಂತೆ. ಅವನಿಗೆ ಬೇರೆ ಕಸುಬು ಎಲ್ಲಿತ್ತು? ಮೈ ಪಳಗಿಸೋದೊಂದೇ ಗೊತ್ತು. ಅವನು ತಲೆ ತಗ್ಗಿಸಿ ಒಂದು ಮಾತು ಕೇಳಿಕೊಂಡನಂತೆ. ಬರೋ ಯುಗಾದಿವರೆಗೆ ಟೈಮ್ ಕೊಡಿ. ಅಷ್ಟರೊಳಗೆ ಬನಪ್ಪ ಮಗ್ಗಕ್ಕೆ ಇಳಿಯದಿದ್ದರೆ ನಾನೇ ಕೀಲಿ ತಂದು ಕೊಡ್ತೀನಿ.

ಮಾರನೇ ಬೆಳಿಗ್ಗೆಯೇ ಚೌಡಮ್ಮನ ಬಾಗಿಲಿಗೆ ಹೋಗಿ ನಿಂತ. ಅವಳು ಬಾಗಿಲು ಹಾಕಿಕೊಂಡಳು. ಅದರ ಮಾರನೇ ದಿನವೂ ಹೋದ. ಒಂಬತ್ತು ದಿನ ಹೋದನಂತೆ. ಕೆಲವರು ಇಪ್ಪತ್ತೊಂದು ಅಂತಾರೆ. ಕೊನೆಗೆ ಅವಳಿಗೇ ಬೇಜಾರಾಗಿ, "ಒಳಗೆ ಬಂದು ಸಾಯಿ" ಅಂದಳಂತೆ.

ಒಳಗೆ ಹೋಗಿ ಏನು ಮಾಡಿದ ಅಂತೀರಾ? ಬನಪ್ಪನನ್ನ ಮುಟ್ಟಲೇ ಇಲ್ಲ. "ಅಕ್ಕಾ, ಮೊದಲು ನಂಗೆ ನೇಯೋದು ಕಲಿಸು" ಅಂದನಂತೆ. ನೇಯೋನ ಮೈಗೆ ಏನು ಬೇಕು ಅಂತ ತಿಳೀದೆ ಅವನಿಗೆ ಏನು ಕಲಿಸ್ಲಿ ಅಂದನಂತೆ. ಚೌಡಮ್ಮ ಇವನ ಹೆಗಲು ನೋಡಿದಳು, ಗುಂಡಿ ನೋಡಿದಳು, ಅಷ್ಟು ದಿನದಲ್ಲಿ ಮೊದಲ ಸಲ ನಗು ಬಂತಂತೆ.

ಅಯ್ಯೋ, ಆ ಪಾಡು ಕೇಳಬೇಡಿ! ಆ ತೊಡೆ ಗುಂಡಿಯಲ್ಲಿ ಸಿಕ್ಕಿಕೊಂಡು ಮೇಲಕ್ಕೆ ಎಳೆಯೋಕೆ ಮೂವರು ಬೇಕಾದರಂತೆ. ಲಾಳಿ ಎಸೆದರೆ ಬೀದಿಗೆ ಹೋಗಿ ಬೀಳೋದು. ಮುಟ್ಟಿದ್ದಕ್ಕೆಲ್ಲ ನೂಲು ಕಿತ್ತು ಬರೋದು. "ಅದು ನೂಲು ಕಣಯ್ಯಾ, ಎಮ್ಮೆ ಹಗ್ಗ ಅಲ್ಲ" ಅಂತ ಚೌಡಮ್ಮ ಬೈಯೋದು ಮೂರು ಬೀದಿಗೆ ಕೇಳಿಸೋದಂತೆ. ಹಳೇ ಪೈಲ್ವಾನರು ಕಿಟಕೀಲಿ ಇಣುಕಿ ನಕ್ಕು ಹೋಗೋರು. ಅವನು ತಲೆ ಎತ್ತಲಿಲ್ಲ. ದಿನಾ ಬಂದ. ಎರಡು ತಿಂಗಳಿಗೆ ಅವನ ಕತ್ತು ಹಿಡೀತು, ಎಡ ಸೊಂಟ ಉರೀತು, ಪಾದ ಜೋಮು ಹಿಡೀತು. ಆಗ ಅವನಿಗೆ ಖುಷಿಯಾಯ್ತಂತೆ. ನೋವು ಎಲ್ಲೆಲ್ಲಿ ಹುಟ್ಟುತ್ತೆ ಅಂತ ಈಗ ಗೊತ್ತಾಯ್ತು ಅಂದನಂತೆ.

ಆಮೇಲೆ ಬನಪ್ಪನ ಸರದಿ. ಮೊದಲು ಮಗ್ಗುಲು ತಿರುಗೋದು. ಆಮೇಲೆ ಎದ್ದು ಕೂರೋದು. ಆಮೇಲೆ ಗೋಡೆ ಹಿಡಿದು ನಿಲ್ಲೋದು. ನೆಲಕ್ಕೆ ಕೈಯೂರಿ ಹೊಡೆಯೋ ಗರಡಿಯ ದಂಡವನ್ನ ಗೋಡೆಗೆ ಕೈಯೂರೋ ಹಂಗೆ ಮಾಡಿದ. ಬಸ್ಕಿಯನ್ನ ಅರ್ಧಕ್ಕೆ ಇಳಿಸಿದ. ಪೈಲ್ವಾನನಿಗೆ ಬೇಕಾದ್ದು ಒಂದೂ ಹೇಳಿಕೊಡಲಿಲ್ಲ, ನೇಯೋನಿಗೆ ಬೇಕಾದ್ದು ಒಂದೂ ಬಿಡಲಿಲ್ಲ. ನಿನ್ನೆ ಹತ್ತು ಹೆಜ್ಜೆ ಆದರೆ ಇವತ್ತು ಹನ್ನೊಂದು. ಇಪ್ಪತ್ತಕ್ಕೆ ಹೋಗ್ತೀನಿ ಅಂತ ಬನಪ್ಪ ಹಟ ಹಿಡಿದರೆ ಬೈದು ಕೂರಿಸೋನು. "ಆ ತಪ್ಪು ಒಂದ್ಸಲ ಮಾಡಿದ್ದೀನಿ" ಅನ್ನೋನಂತೆ.

ದಸರಾ ಹೊತ್ತಿಗೆ ಬನಪ್ಪ ಬೀದಿ ಕೊನೆವರೆಗೆ ನಡೀತಿದ್ದ. ಮೈಯಲ್ಲಿ ಜೀವ ಬಂದರೆ ಸುಮ್ಮನಿರ್ತಾರಾ ಈ ವಯಸ್ಸಿನವರು? ಯಾರೂ ಇಲ್ಲದ ಹೊತ್ತು ನೋಡಿ, ತಾಯಿಗೆ ಸಹಾಯ ಆಗಲಿ ಅಂತ ನೂಲು ಸುತ್ತಿದ ದಿಂಡನ್ನ ಒಬ್ಬನೇ ಎತ್ತೋಕೆ ಹೋದ. ಮತ್ತೆ ಬಿದ್ದ. ಮತ್ತೆ ಹಾಸಿಗೆ. ಇನ್ನು ಇವನ ಕತೆ ಮುಗೀತು ಅಂದುಕೊಂಡಿತು ಊರು. ಮುದ್ದರಂಗ ಹಿತ್ತಲಿಗೆ ಹೋಗಿ ಗೋಡೆಗೆ ಹಣೆ ಒತ್ತಿ ಅತ್ತನಂತೆ. ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತದ್ದನ್ನ ಚೌಡಮ್ಮ ನೋಡಿದಳಂತೆ. ಆಮೇಲೆ ಮುಖ ತೊಳೆದು ಒಳಗೆ ಬಂದು, "ಇವತ್ತು ಮೊದಲನೇ ದಿನ ಕಣಪ್ಪ. ಮಗ್ಗುಲು ತಿರುಗು" ಅಂದ.

ಯುಗಾದಿ ಬಂತು. ಬನಪ್ಪ ಗೋಡೆ ಬಿಟ್ಟು ಹತ್ತು ಹೆಜ್ಜೆ ಇಡೋವಷ್ಟಾಗಿದ್ದ ಅಷ್ಟೆ. ಇನ್ನೆರಡು ತಿಂಗಳು ಕೇಳು, ನಾನೂ ಯಜಮಾನರ ಹತ್ತಿರ ಹೇಳ್ತೀನಿ ಅಂತ ಚೌಡಮ್ಮನೇ ಅಂದಳಂತೆ. ಅವನು ಕೇಳಲಿಲ್ಲ. ಕೊಟ್ಟ ಮಾತು ಕೊಟ್ಟಿದ್ದೇ. ಬೇವು ಬೆಲ್ಲ ತಿಂದು ಸೀದಾ ಹೋಗಿ ಕೀಲಿ ಒಪ್ಪಿಸಿದ. ತಾತ ಮುತ್ತಾತಂದಿರು ಕಸರತ್ತು ಮಾಡಿದ ಜಾಗಕ್ಕೆ ನೂಲಿನ ಮೂಟೆ ಬಂದು ಬಿತ್ತು. ಅವನು ಅಲ್ಲಿಂದ ಎಲ್ಲಿಗೂ ಹೋಗಲಿಲ್ಲ, ಚೌಡಮ್ಮನ ಅಂಗಳಕ್ಕೆ ವಾಪಸ್ ಬಂದ. ಅವತ್ತಿನ ಹನ್ನೊಂದು ಹೆಜ್ಜೆ ಬಾಕಿ ಇತ್ತಲ್ಲ.

ಗರಡಿ ಹೋದದ್ದು ಒಳ್ಳೇದೇ ಆಯ್ತು ಅನ್ನಿ. ಗರಡಿಗೆ ಹೊಸಲಿತ್ತು, ಅಂಗಳಕ್ಕೆ ಎಲ್ಲಿದೆ? ಪಕ್ಕದ ಮನೆಯ ಮುದುಕ ಮೊಣಕಾಲು ತೋರಿಸೋಕೆ ಬಂದ. ರಾಟೆ ಸುತ್ತಿ ಸುತ್ತಿ ಭುಜ ಎತ್ತಲಾಗದ ಹೆಂಗಸರು ಬಂದರು. ಬಾಣಂತನ ಮುಗಿಸಿದವರು ಬಂದರು. ಯಾರು ಬಂದರೂ ಅವನು ಅವರವರ ಮನೆಗೆ ಹೋಗಿ, ಒಂದು ದಿನ ಪೂರ್ತಿ ಕೂತು ಅವರು ಕೆಲಸ ಮಾಡೋದನ್ನ ನೋಡೋನಂತೆ. ಆಮೇಲೆಯೇ ಪಾಠ. ನಡಿಗೆ ಸದ್ದು ಕೇಳಿ ಯಾವ ಕಾಲು ನೋಯುತ್ತೆ ಅಂತ ಹೇಳಿಬಿಡೋನಂತೆ. ಇದನ್ನ ನಾನು ನಂಬ್ತೀನಿ.

ಯುಗಾದಿ ಕಳೆದು ಮೂರನೇ ತಿಂಗಳು, ಒಂದು ಸೋಮವಾರ, ಚೌಡಮ್ಮ ನೀರು ತರೋಕೆ ಹೋಗಿದ್ದಳಂತೆ. ಕೊಡ ಹೊತ್ತು ವಾಪಸ್ ಬರ್ತಾ ತನ್ನ ಮನೆಯಿಂದ ಮಗ್ಗದ ಸದ್ದು ಕೇಳಿದಳು. ಮಗ್ಗದಲ್ಲಿ ಕೂರೋರು ಅವಳು ಬಿಟ್ಟರೆ ಮುದ್ದರಂಗ, ಆದರೆ ಅವನ ಸದ್ದು ತಪ್ಪು ತಪ್ಪು ಇರೋದು. ಇದು ಸರಿಯಾಗಿತ್ತು. ಕೊಡ ಅಲ್ಲೇ ಎತ್ತಿ ಹಾಕಿ ಓಡಿದಳು. ಮಗ ಗುಂಡಿಯಲ್ಲಿ ಕೂತು ನೇಯ್ತಿದ್ದ. ಉಸ್ತಾದ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಸಾಕು, ಇವತ್ತಿಗೆ ಒಂದು ಗೇಣು ಸಾಕು, ಏಳು" ಅಂತ ಗದರ್ತಿದ್ದನಂತೆ. ಚೌಡಮ್ಮ ನಕ್ಕಳು, ಅತ್ತಳು, ಇಬ್ಬರ ತಲೆಯನ್ನೂ ಸವರಿದಳು. ಇದನ್ನ ಹೇಳುವಾಗ ನಮ್ಮಜ್ಜಿಗೂ ಕಣ್ಣಲ್ಲಿ ನೀರು ಬರೋದು, ನಂಗೂ ಬರುತ್ತೆ ನೋಡಿ.

ಯಜಮಾನರು ತಾವೇ ಕೀಲಿ ಹಿಡಿದು ಅಂಗಳಕ್ಕೆ ಬಂದರಂತೆ. ಈ ಅಂಗಳದವರೆಲ್ಲ ಒಳಗೆ ಬರೋದಾದರೆ ತಗೋತೀನಿ, ಇಲ್ಲದಿದ್ದರೆ ಮೂಟೆ ಅಲ್ಲೇ ಇರಲಿ ಅಂದನಂತೆ ಮುದ್ದರಂಗ. ಯಜಮಾನರು ಗಂಟಲು ಸರಿಮಾಡಿಕೊಂಡು ಒಪ್ಪಿದರು. ಅವರ ಹೆಂಡತಿಯೇ ಭುಜ ತೋರಿಸೋಕೆ ಬಂದು ನಿಂತಿದ್ದಳಲ್ಲ! ಗುಂಡುಕಲ್ಲನ್ನ ಜಗಲಿ ಪಕ್ಕಕ್ಕೆ ಉರುಳಿಸಿ ಮುದುಕರು ಕೂರೋಕೆ ಬಿಟ್ಟರಂತೆ.

ಅಲ್ಲಿಂದ ಐವತ್ತು ವರ್ಷ ಕಲಿಸಿದನಂತೆ ಅವನು. ಪೈಲ್ವಾನರೂ ತಯಾರಾದರು, ಆದರೆ ಅವರ ಹೆಸರು ಯಾರಿಗೂ ನೆನಪಿಲ್ಲ. ಎಂಬತ್ತು ದಾಟಿದ ಮುದುಕರು ನೇಯ್ತಿದ್ದರು ಅನ್ನೋದು ಎಲ್ಲರಿಗೂ ನೆನಪಿದೆ. ಕೊನೇ ದಿನವೂ ಬೆಳಿಗ್ಗೆ ಪಾಠ ಮಾಡಿ, ಒಬ್ಬಳ ಬೆನ್ನು ನೆಟ್ಟಗೆ ಮಾಡಿಸಿ, ಹಂಗೇ ಗೋಡೆಗೆ ಒರಗಿದನಂತೆ. ಅವತ್ತು ಗರಡಿ ಮುಚ್ಚಲಿಲ್ಲ. ಎಲ್ಲರೂ ತಮ್ಮ ತಮ್ಮ ಪಾಠ ಮುಗಿಸಿ ಆಮೇಲೆ ಅವನನ್ನ ಹೊತ್ತರು.

ಅದಕ್ಕೇ ಪ್ರತಿ ವರ್ಷ ಅವನು ಹೋದ ಈ ದಿನ ನಮ್ಮೂರಲ್ಲಿ ಹಾರ ಇಲ್ಲ, ಭಾಷಣ ಇಲ್ಲ. ಊರಿನ ಪ್ರತಿಯೊಬ್ಬರೂ ಗರಡಿಗೆ ಬಂದು ಕೈಲಾದಷ್ಟು ಬಸ್ಕಿ ಹೊಡೀತಾರೆ. ಒಬ್ಬರದನ್ನ ಇನ್ನೊಬ್ಬರು ಎಣಿಸೋ ಹಂಗಿಲ್ಲ. ಹೋದ ವರ್ಷದ್ದಕ್ಕಿಂತ ಒಂದು ಜಾಸ್ತಿ ಆದರೆ ಸಾಕು. ಹೋದ ವರ್ಷ ನಂದು ಆರು. ಮಂಡಿ ನೋವು ಅಂತ ಸೊಸೆ ಬೇಡ ಅಂತಾಳೆ, ಅನ್ನಲಿ. ಏಳ್ರೋ, ಎಲ್ಲರೂ ಶುರುಮಾಡಿ ಆಯ್ತು ಅಲ್ಲಿ. ಲೋ, ನನ್ನ ಕೈ ಹಿಡ್ಕೋಬೇಡ, ದೂರ ನಿಲ್ಲು. ಒಂದು.