ಕಾರಿಗೆ ಪಂಚಮ ಕೊಟ್ಟ ಅಡಿವೆಪ್ಪ

ಬಹಳ ಹಿಂದೆ, ನಿಮ್ಮ ಅಜ್ಜಂದಿರಿಗೆ ಇನ್ನೂ ಚಡ್ಡಿ ಹಾಕಿಕೊಳ್ಳಲು ಬಾರದಿದ್ದ ಕಾಲದಲ್ಲಿ, ನಮ್ಮ ಊರಲ್ಲಿ ಅಡಿವೆಪ್ಪ ಅಂತ ಒಬ್ಬನಿದ್ದ. ಹಾರ್ಮೋನಿಯಂ ರಿಪೇರಿ ಅವನ ಕಸುಬು. ಹಾರ್ಮೋನಿಯಂಗೆ ನಾವು ಪೇಟಿ ಅಂತೀವಲ್ಲ, ಹಾಗಾಗಿ ಅವನು ಪೇಟಿ ಅಡಿವೆಪ್ಪ. ಎತ್ತಿನ ಕೊರಳ ಗಂಟೆ ಕೇಳಿ ಅದು ಯಾವ ಸ್ವರ ಅಂತ ಹೇಳುತ್ತಿದ್ದನಂತೆ. ಅಪಸ್ವರ ಕಿವಿಗೆ ಬಿದ್ದರೆ ಮಾತ್ರ ಮೈಯೆಲ್ಲ ಉರಿ. ಹೆಣ್ಣು ಕೊಟ್ಟ ಮಾವ ಮಂಗಳಾರತಿ ಹಾಡುವಾಗ ಅವನ ಹಾಡನ್ನೇ ಅರ್ಧಕ್ಕೆ ನಿಲ್ಲಿಸಿಬಿಟ್ಟಿದ್ದನಂತೆ. ಮಾವ ಆಮೇಲೆ ಅವನ ಹೊಸ್ತಿಲು ತುಳಿಯಲಿಲ್ಲ ಅಂತಾರೆ.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಅವನ ಅಂಗಡಿ ಮುಂದೆ ಒಂದು ಕಾರು ನಿಂತಿತು. ಇಂಗ್ಲೆಂಡಿನ ರೇಸಿನ ಕಾರು, ಎರಡೇ ಸೀಟು, ಮೇಲೆ ಟಾಪಿಲ್ಲ. ತನ್ನ ದೇಶಕ್ಕೆ ಹೊರಟ ಯಾವನೋ ದೊರೆ ಬಿಟ್ಟುಹೋದದ್ದಂತೆ. ಓಡಿಸುತ್ತಿದ್ದವರು ಡಾಕ್ಟರ್ ಎಸ್ತೇರಬಾಯಿ. ಪಕ್ಕದಲ್ಲಿ ಹಳ್ಳದಾಚೆಯ ಊರಿನ ಫಕೀರವ್ವ. ಅವಳ ಸೊಸೆಗೆ ಹಿಂದಿನ ದಿನದಿಂದ ಹೆರಿಗೆ ಬೇನೆ, ಕೂಸು ಅಡ್ಡ ತಿರುಗಿತ್ತು, ಸೂಲಗಿತ್ತಿ ಕೈಚೆಲ್ಲಿದ್ದಳು. ಡಾಕ್ಟರನ್ನು ಕರೆದುಕೊಂಡು ಹೋಗಲು ಫಕೀರವ್ವ ತಾನೇ ಪಟ್ಟಣಕ್ಕೆ ಹೋಗಿದ್ದಳು.

ದಾರಿಯಲ್ಲಿ ಕಾರಿನ ಮೀಟರುಗಳ ದೀಪ ಕೈಕೊಟ್ಟಿತ್ತು. ಮುಂದಿನ ದೊಡ್ಡ ದೀಪಗಳೇನೋ ಉರಿಯುತ್ತಿದ್ದವು. ಆದರೆ ಆ ಕಾರು ಇಂಜಿನ್ ಎಣ್ಣೆ ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಎಣ್ಣೆ ಮೀಟರಿನ ಮುಳ್ಳು ಇಳಿದಾಗೆಲ್ಲ ನಿಲ್ಲಿಸಿ ಡಬ್ಬಿಯಿಂದ ಹೊಯ್ಯಬೇಕು, ಇಲ್ಲದಿದ್ದರೆ ಇಂಜಿನ್ ಜಾಮ್. ಕತ್ತಲಲ್ಲಿ ಮುಳ್ಳು ಕಾಣದೆ ಹೋದರೆ ಎರೆಹೊಲಗಳ ನಡುವೆ ಕಾರು ಸತ್ತು ನಿಲ್ಲುತ್ತದೆ, ಅತ್ತ ಸೊಸೆಯೂ ಉಳಿಯುವುದಿಲ್ಲ. ಟಾರ್ಚಿಗೆ ಹಾಕೋಣವೆಂದರೆ ಊರಲ್ಲಿ ಸೆಲ್ಲಿಲ್ಲ. ಫಕೀರವ್ವನ ಕೈಗೆ ಲಾಟೀನು ಕೊಟ್ಟು ನೋಡಿದರು. ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಗಾಳಿಗೆ ಆರಿತು, ಬೈದುಕೊಳ್ಳುತ್ತ ತಿರುಗಿ ಬಂದರು.

ಊರಲ್ಲಿ ಸಣ್ಣ ಸ್ಕ್ರೂಡ್ರೈವರ್ ಇದ್ದದ್ದು ಅಡಿವೆಪ್ಪನ ಹತ್ತಿರ ಮಾತ್ರ. ಡಾಕ್ಟರಮ್ಮನೇ ಬ್ಯಾಟರಿಯ ವೈರು ಕಳಚಿ, ದೀಪದ ಸ್ವಿಚ್ಚು ಬಿಚ್ಚಿ ಅವನ ಮುಂದೆ ಇಟ್ಟರಂತೆ. ಒಳಗೆ ಹಿತ್ತಾಳೆಯ ಒಂದು ತೆಳು ನಾಲಿಗೆ ಮುರಿದಿತ್ತು. ಗುಂಡಿ ತಿರುಗಿಸಿದಾಗ ಅದು ಪುಟಿದು ಒತ್ತಿಕೊಂಡರೆ ದೀಪ, ಇಲ್ಲದಿದ್ದರೆ ಕತ್ತಲು. ಬಿಸ್ಕೀಟು ಡಬ್ಬಿಯ ತಗಡು ಕತ್ತರಿಸಿ ಹಾಕಿದರು, ಬಾಗಿದ್ದು ಬಾಗಿಯೇ ಉಳಿಯಿತು. ತೆಳುವಾಗಿದ್ದು ಪುಟಿಯುವ ಹಿತ್ತಾಳೆ ಎಲ್ಲಿದೆ ಅಂತ ಅಡಿವೆಪ್ಪನಿಗೆ ಗೊತ್ತಿತ್ತು. ಪೇಟಿಯ ಒಳಗೆ ಹಾಡುವ ರೀಡು ಅದೇ ಅಲ್ಲವೇ! ಆದರೆ ಅಂಗಡಿಯಲ್ಲಿದ್ದ ಪೇಟಿಗಳೆಲ್ಲ ನಾಟಕ ಕಂಪನಿಯವು.

“ಮಂದಿ ಪೇಟಿಗೆ ಕೈ ಹಚ್ಚಾಂಗಿಲ್ರಿ,” ಅಂದವನೇ ಒಳಗೆ ಹೋಗಿ ತನ್ನದನ್ನು ತಂದ. ಅದು ಅವನ ಗುರುಗಳು ಸಾಯುವಾಗ ಕೊಟ್ಟಿದ್ದ ಪೇಟಿ. ಒಂದೇ ಸಾಲು ರೀಡಿನದು, ಅವೆಲ್ಲ ಸಮುದ್ರದಾಚೆಯಿಂದ ಬಂದಂಥವು. ಅಳತೆಗೆ ಹೊಂದಿದ್ದು ನಡುವಿನ ಪಂಚಮದ, ಅಂದರೆ ‘ಪ’ ಸ್ವರದ ರೀಡು ಒಂದೇ. ಅದನ್ನು ಕಳಚುವಾಗ ಅಡಿವೆಪ್ಪನ ಕಣ್ಣಲ್ಲಿ ನೀರು ಬಂತಂತೆ.

ರೀಡು ಕತ್ತರಿಸಿದವನು ಅದನ್ನು ಸುಮ್ಮನೆ ಸ್ವಿಚ್ಚಿಗೆ ಕೂಡಿಸಿದನೇ? ಇಲ್ಲ. ಮೀಟಿ ಕಿವಿಗೆ ಹಿಡಿದ, ಅರ ಹಾಕಿ ಉಜ್ಜಿದ, ಮತ್ತೆ ಮೀಟಿದ.

“ಏನ ಮಾಡಾಕತ್ತೀರಿ ಅಡಿವೆಪ್ಪನವರ?” ಅಂದರು ಡಾಕ್ಟರಮ್ಮ.

“ಸ್ವರ ಜಾರೇತ್ರಿ ಬಾಯಾರ. ಶ್ರುತಿಗೆ ತರತೀನಿ.”

ಫಕೀರವ್ವ ಚೀರಿದಳಂತೆ: “ಯಪ್ಪಾ, ಅದೇನ ಹಾಡಬೇಕೇನೋ! ಅಲ್ಲಿ ನನ್ನ ಸೊಸಿ ಸಾಯಾಕತ್ತಾಳ!”

ಅಡಿವೆಪ್ಪ ಅರ ಕೆಳಗಿಟ್ಟ. ನಾಲಿಗೆ ಬಾಗಿಸಿ ಕೂಡಿಸಿದ, ಡಾಕ್ಟರಮ್ಮ ವೈರು ಸಿಕ್ಕಿಸಿ ಗುಂಡಿ ತಿರುಗಿಸಿದರು, ಮೀಟರುಗಳ ಮೇಲೆ ಹಳದಿ ಬೆಳಕು ಬಿತ್ತು. ಧೂಳೆಬ್ಬಿಸಿ ಹೊರಟೇ ಹೋದರು. ಮುಳ್ಳು ನೋಡುತ್ತ, ಎಣ್ಣೆ ಹೊಯ್ಯುತ್ತ, ಹೊತ್ತಿಗೆ ಸರಿಯಾಗಿ ಮುಟ್ಟಿದರು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಆಮೇಲೆ ಆ ಗುಂಡಿ ತಿರುಗಿಸಿದಾಗೆಲ್ಲ ಕಾರಿನೊಳಗೆ ಪಂಚಮ ಕೇಳುತ್ತಿತ್ತು ಅಂತಾರೆ. ಸ್ವಿಚ್ಚು ಎಲ್ಲಾದರೂ ಹಾಡುತ್ತದೆಯೇ ಅನ್ನುವವರೂ ಇದ್ದಾರೆ. ಅಂಥವರಿಗೆ ನಮ್ಮೂರಲ್ಲಿ ಎರಡನೇ ಸಲ ಚಹಾ ಕೇಳುವುದಿಲ್ಲ.

ಅಡಿವೆಪ್ಪ ತನ್ನ ಪೇಟಿಗೆ ಬೇರೆ ರೀಡು ಹಾಕಿ ನೋಡಿದ. ಹೊಂದಲಿಲ್ಲ, ಕಿತ್ತೊಗೆದ. ತಿಂಗಳು ಕಳೆದ ಮೇಲೆ ಒಂದು ಸೋಮವಾರ ಮಠದಲ್ಲಿ ಭಜನೆ. ಬಾರಿಸುತ್ತ ಬಾರಿಸುತ್ತ ಪಂಚಮದ ಜಾಗ ಬಂತು, ಬೆರಳು ಒತ್ತಿತು, ಬರೀ ಗಾಳಿ. ಅಡಿವೆಪ್ಪನ ಮುಖ ಬಾಡಿತು. ಆಗ ಹೆಂಗಸರ ಸಾಲಿನಿಂದ ಒಂದು ಒಡಕು ದನಿ ಆ ಸ್ವರವನ್ನು ಎತ್ತಿ ಹಾಡಿತಂತೆ. ಫಕೀರವ್ವ! ಮೊಮ್ಮಗಳನ್ನು ಎತ್ತಿಕೊಂಡು ಕಾಯಿ ಒಡೆಸಲು ಬಂದಿದ್ದಳು. ಅವಳು ಹಾಡಿದ್ದು ಪಂಚಮದ ಹತ್ತಿರಕ್ಕೂ ಇರಲಿಲ್ಲ. ಈಗ ಪೇಟಿ ಎತ್ತಿ ಒಗೆಯುತ್ತಾನೆ ಅಂತ ಮುಂದೆ ಕೂತವರು ಹಿಂದೆ ಸರಿದರು. ಅಡಿವೆಪ್ಪ ಅವಳ ಕಡೆ ನೋಡಿದ, ಕೂಸಿನ ಕಡೆ ನೋಡಿದ. “ಬರೋಬ್ಬರಿ ಐತಿ ಬೇ, ಹಾಡು,” ಅಂದ.

ಈಗ ಮಠದಲ್ಲಿ ಹೊಸ ಪೇಟಿ ಇದೆ, ಎಲ್ಲ ಸ್ವರಗಳೂ ನುಡಿಯುತ್ತವೆ. ಆದರೂ ಸೋಮವಾರದ ಭಜನೆಯಲ್ಲಿ ಪಂಚಮ ಬಂದಾಗ ಬಾರಿಸುವವನು ಬೆರಳು ಎತ್ತುತ್ತಾನೆ, ಊರಿಗೆ ಊರೇ ಬಾಯಿಬಿಟ್ಟು ಹಾಡುತ್ತದೆ. ಉಳಿದ ಸ್ವರಗಳಲ್ಲಿ ತಪ್ಪಿದರೆ ತಲೆಗೆ ಮೊಟಕುತ್ತಾರೆ. ಆ ಒಂದು ಸ್ವರದಲ್ಲಿ ಮಾತ್ರ ಯಾರು ಹೇಗೆ ಹಾಡಿದರೂ ನಮ್ಮೂರಲ್ಲಿ ಯಾರೂ ಯಾರನ್ನೂ ತಿದ್ದುವುದಿಲ್ಲ.